‘ಏನೂ ಆಗಲ್ಲ’ ಅನ್ನೋದನ್ನ ಬಿಟ್ಟೆ

ಹೋದ ವರ್ಷ ನಮ್ಮವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂರನೇ ಹಂತ. ಇಲ್ಲೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಆಪರೇಷನ್ ಆಯಿತು, ಆಮೇಲೆ ಎರಡು ವಾರಕ್ಕೊಂದರಂತೆ ಆರು ತಿಂಗಳು ಕೀಮೋ. ಊರಿಂದ ತುಂಬಾ ಜನ ಫೋನ್ ಮಾಡಿ ಔಷಧ ಏನು, ಡಾಕ್ಟರು ಏನಂದರು ಅಂತೆಲ್ಲ ವಿಚಾರಿಸಿದಿರಿ. ಅದನ್ನೆಲ್ಲ ಆಗಲೇ ಹೇಳಿದ್ದೇನೆ. ಹೇಳದೇ ಉಳಿದದ್ದು ಆಸ್ಪತ್ರೆ ಆವರಣದಲ್ಲೇ ಇರುವ ಒಂದು ಮನೆಯ ಬಗ್ಗೆ.

ಮನೆ ಅಂತಲೇ ಅನ್ನಬೇಕು. ಒಳಗೆ ಕಾಲಿಟ್ಟರೆ ಕೌಂಟರ್ ಇಲ್ಲ, ಟೋಕನ್ ಇಲ್ಲ. ಎದುರಿಗೆ ಒಂದು ಅಡುಗೆಮನೆ, ಅದರಲ್ಲಿ ದೊಡ್ಡ ಮರದ ಮೇಜು, ಸುತ್ತ ಕುರ್ಚಿಗಳು. ಟೀ ನಾವೇ ಮಾಡಿಕೊಳ್ಳಬಹುದು. ಡಾಕ್ಟರ ಚೀಟಿ ಬೇಡ, ಮೊದಲೇ ಹೇಳಿ ಬರಬೇಕೆಂದಿಲ್ಲ, ದುಡ್ಡೂ ಇಲ್ಲ. ಹೆಸರು ಮ್ಯಾಗೀಸ್.

ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅಂತ ಒಬ್ಬ ಹೆಂಗಸು, ತೋಟಗಳ ಬಗ್ಗೆ ಬರೆಯುತ್ತಿದ್ದವರು. 1993ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಮರುಕಳಿಸಿತು. ಇನ್ನು ಎರಡು ಮೂರು ತಿಂಗಳು ಅಷ್ಟೇ ಅಂದರಂತೆ. ಆ ಮಾತು ಕೇಳಿದ ಮೇಲೆ ಕಿಟಕಿಯೂ ಇಲ್ಲದ ಒಂದು ಕಾರಿಡಾರ್‌ನಲ್ಲಿ ಕೂರಬೇಕಾಯಿತು. ಅವರು 1995ರ ತನಕ ಬದುಕಿದ್ದರು, ಆ ದಿನಗಳಲ್ಲೇ ಇಂಥದ್ದೊಂದು ಜಾಗ ಹೇಗಿರಬೇಕು ಅಂತ ಯೋಚನೆ ಮಾಡಿಟ್ಟರು. ಹಳೇ ಕುದುರೆ ಲಾಯವೊಂದನ್ನು ಮಾರ್ಪಾಡು ಮಾಡಿ 1996ರಲ್ಲಿ ಬಾಗಿಲು ತೆರೆದದ್ದೇ ಈ ಮನೆ. ಅವರನ್ನು ನೋಡಿಕೊಂಡ ನರ್ಸ್ ಲಾರಾ ಲೀ ಅವರೇ ಸಂಸ್ಥೆಯನ್ನು ಬೆಳೆಸಿದರು. ಈಗ ಬ್ರಿಟನ್ನಿನ ಬೇರೆ ಬೇರೆ ಊರುಗಳಲ್ಲಿವೆ, ಹಾಂಗ್‌ಕಾಂಗ್, ಟೋಕಿಯೋದಲ್ಲೂ ಇವೆ. ಇವುಗಳನ್ನು ಕಟ್ಟುವ ಆರ್ಕಿಟೆಕ್ಟ್‌ಗಳಿಗೆ ಕೊಡುವ ಸೂಚನೆಯಲ್ಲಿ ಬಾತ್‌ರೂಮಿನ ಬಗ್ಗೆಯೂ ಇದೆ. ಒಬ್ಬರು ಒಳಗೆ ಹೋಗಿ ಯಾರಿಗೂ ಕೇಳಿಸದಂತೆ ಅತ್ತು ಬರುವಂತಿರಬೇಕು ಅಂತ. ನಾನೂ ಅಲ್ಲಿ ಅತ್ತಿದ್ದೇನೆ.

ನಾವು ಅಲ್ಲಿಗೆ ಮೊದಲ ಸಲ ಹೋಗಿದ್ದು ಒಂದು ಹಾಲಿನ ಬಾಟಲಿಯ ಕಾರಣಕ್ಕೆ. ಕೀಮೋ ಆಗಿ ಎರಡನೇ ದಿನ, ಸೊಂಟಕ್ಕೆ ಔಷಧದ ಪಂಪ್ ಇನ್ನೂ ಇತ್ತು, ಅದನ್ನು 46 ಗಂಟೆ ಮನೆಯಲ್ಲೇ ಹಾಕಿಕೊಂಡಿರಬೇಕು. ಇವರು ಫ್ರಿಜ್ ತೆಗೆದು ಬಾಟಲಿ ಹಿಡಿದರು, ಹಿಡಿದ ತಕ್ಷಣ ಕೈಬಿಟ್ಟರು. ಬೆರಳಿಗೆಲ್ಲ ಸೂಜಿ ಚುಚ್ಚಿದ ಹಾಗಾಯಿತಂತೆ. ನೆಲದ ತುಂಬಾ ಹಾಲು, ಇವರು ತಮ್ಮ ಕೈಯನ್ನೇ ನೋಡುತ್ತಾ ನಿಂತಿದ್ದಾರೆ. ಆಸ್ಪತ್ರೆಯವರು ಕೊಟ್ಟ ಕಾಗದಗಳಲ್ಲಿ ಇದನ್ನು ಬರೆದಿದ್ದರು, ಆದರೆ ಆ ವಾರ ಅಷ್ಟೊಂದು ಕಾಗದ ಓದುವ ಮನಸ್ಸು ಯಾರಿಗಿರುತ್ತೆ ಹೇಳಿ.

ಮಾರನೇ ವಾರ ಆ ಮೇಜಿನ ಹತ್ತಿರ ಕೂತಾಗ ಒಬ್ಬರು ನಿಧಾನವಾಗಿ ಬಿಡಿಸಿ ಹೇಳಿದರು. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧದಿಂದ ನರಗಳು ಸ್ವಲ್ಪ ತಣ್ಣಗಿನದ್ದನ್ನೂ ತಡೆದುಕೊಳ್ಳಲ್ಲ, ಪ್ರತಿ ಡೋಸ್ ಆದ ಮೇಲೆ ಕೆಲವು ದಿನ ಹೀಗಿರುತ್ತೆ. ತಣ್ಣಗಿನದ್ದು ಕುಡಿಯಬೇಡಿ, ಫ್ರಿಜ್‌ಗೆ ಕೈ ಹಾಕುವಾಗಲೂ ಕೈಗವಸು ಹಾಕಿಕೊಳ್ಳಿ. ಮುಂದಿನ ಡೋಸ್ ಬರುವ ಹೊತ್ತಿಗೂ ಜುಮುಜುಮು ಹೋಗದಿದ್ದರೆ ಮಾತ್ರ ಸುಮ್ನಿರಬೇಡಿ, ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡಬೇಕಾಗಬಹುದು. ಜ್ವರದ ವಿಷಯವೂ ಹಾಗೇ. 37.5 ಡಿಗ್ರಿ, ಅಂದರೆ ನಮ್ಮ ಲೆಕ್ಕದ 99.5 ದಾಟಿತು ಅಂದರೆ ರಾತ್ರಿ ಎರಡು ಗಂಟೆಯಾದರೂ ಸಹಾಯವಾಣಿಗೆ ಫೋನ್ ಮಾಡಬೇಕು, ಬಿಳಿ ರಕ್ತಕಣ ಕಡಿಮೆಯಾದಾಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಏರಿಬಿಡುತ್ತೆ. ಇದೆಲ್ಲ ಮೊದಲೇ ಕೇಳಿದ್ದ ಮಾತೇ. ಕೂತು, ಎರಡು ಸಲ ಕೇಳಿ, ಬರೆದುಕೊಂಡಾಗಲೇ ತಲೆಗೆ ಹೋಯಿತು.

ಅಲ್ಲಿ ಯೋಗ ಇದೆ, ಊಟದ ಬಗ್ಗೆ ತರಗತಿ ಇದೆ, ಸುಸ್ತಿಗೆ ಮಲಗೋದಕ್ಕಿಂತ ಸ್ವಲ್ಪ ನಡೆಯೋದು ಒಳ್ಳೆಯದು ಅಂತ ಹೇಳಿಕೊಡುತ್ತಾರೆ. ಕೆಲಸದ ವಿಚಾರವೂ ಅಲ್ಲೇ ಗೊತ್ತಾಗಿದ್ದು. ಇವರು ರಾಜೀನಾಮೆ ಬರೆದಿಟ್ಟಿದ್ದರು. ಇಲ್ಲಿಯ 2010ರ ಸಮಾನತೆ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದಲೇ ಅದನ್ನು ಅಂಗವೈಕಲ್ಯ ಅಂತ ಪರಿಗಣಿಸುತ್ತಾರೆ, ಕೆಲಸದ ಹೊತ್ತು ಬದಲಾಯಿಸಿಕೊಡಿ ಅಂತ ಕೇಳುವ ಹಕ್ಕಿದೆ. ಆ ಕಾಗದ ಹರಿದು ಹಾಕಿದೆವು.

ಆದರೆ ನನ್ನನ್ನು ಬದಲಾಯಿಸಿದ್ದು ಮನೆಯವರಿಗಾಗಿ ನಡೆಸುವ ಗುಂಪು. ರೋಗಿಗಳು ಇರಲ್ಲ, ನೋಡಿಕೊಳ್ಳುವವರು ಮಾತ್ರ. ‘ಇವರು ಹೆದರಿದಾಗ ನೀವು ಏನು ಹೇಳ್ತೀರಿ?’ ಅಂತ ಮನಶ್ಶಾಸ್ತ್ರಜ್ಞೆ ಕೇಳಿದರು. ನಾನು ಅಂದೆ, ಏನೂ ಆಗಲ್ಲ, ಧೈರ್ಯವಾಗಿರಿ ಅಂತೀನಿ. ‘ಅದಕ್ಕೆ ಅವರು ಏನಂತಾರೆ?’

ನಾನು ಯೋಚನೆ ಮಾಡಿದೆ. ಏನೂ ಅನ್ನಲ್ಲ. ಹೂಂ ಅಂತಾರೆ, ಆಮೇಲೆ ಫೋನ್ ನೋಡ್ತಾರೆ.

ನಮ್ಮಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬಾಯಿಗೆ ಬರೋದು ಆ ಮಾತೇ, ಅಲ್ವಾ? ಪ್ರೀತಿಯಿಂದಲೇ ಹೇಳ್ತೀವಿ. ಆದರೆ ಅಷ್ಟು ಹೇಳಿಬಿಟ್ಟರೆ, ನನಗೆ ಭಯ ಆಗ್ತಿದೆ ಅನ್ನೋಕೆ ಅವರಿಗೆ ಜಾಗವೇ ಉಳಿಯಲ್ಲ. ಹೇಳಿದರೆ ನಮ್ಮ ಮಾತಿಗೆ ಎದುರಾಡಿದ ಹಾಗಾಗುತ್ತೆ ಅಂತ ನುಂಗಿಕೊಳ್ತಾರೆ. ನಾನು ಧೈರ್ಯ ತುಂಬಿದ್ದು ಜಾಸ್ತಿ ನನಗೇ ಇರಬೇಕು. ಅವತ್ತು ರಾತ್ರಿ ಇವರು ‘ಸ್ಕ್ಯಾನ್ ಹೇಗೆ ಬರುತ್ತೋ’ ಅಂದಾಗ ನಾಲಿಗೆ ತುದಿಯ ತನಕ ಬಂದದ್ದನ್ನು ತಡೆದುಕೊಂಡೆ. ‘ಯಾವುದು ಜಾಸ್ತಿ ಹೆದರಿಸ್ತಿದೆ ರೀ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಹೆಸರು ಹೇಳಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು.

ಕಳೆದ ತಿಂಗಳು ಅತ್ತೆ ಫೋನ್ ಮಾಡಿ, ‘ನಾನು ಏನು ಹೇಳಿದರೂ ಅವನು ಹೂಂ ಹೂಂ ಅಂತಾನಮ್ಮ, ಬೇಗ ಇಟ್ಟುಬಿಡ್ತಾನೆ, ನನ್ನ ಮೇಲೆ ಕೋಪನಾ?’ ಅಂತ ಅತ್ತರು. ಕೋಪ ಇಲ್ಲ ಅತ್ತೆ, ಇವತ್ತು ಏನೂ ಹೇಳಬೇಡಿ, ರಾತ್ರಿ ನಿದ್ದೆ ಬಂತಾ ಅಂತ ಮಾತ್ರ ಕೇಳಿ, ಆಮೇಲೆ ಅವರು ಮಾತಾಡೋ ತನಕ ಕಾಯಿರಿ ಅಂದೆ. ಸಂಜೆ ಫೋನ್ ಬಂದಾಗ ಇವರು ಕೈಗವಸು ಹಾಕಿಕೊಂಡೇ ಎತ್ತಿದರು. ‘ಇಲ್ಲಮ್ಮ, ಬರಲಿಲ್ಲ’ ಅಂದಿದ್ದು ಕೇಳಿಸಿತು. ನಾನು ಎದ್ದು ರೂಮಿನ ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಮುಕ್ಕಾಲು ಗಂಟೆ ಆದರೂ ಅಮ್ಮ ಮಗ ಇನ್ನೂ ಮಾತಾಡ್ತಾನೇ ಇದ್ದರು.