ದಿಂಬಿನ ಸ್ಪೀಕರ್: ಆ ‘ಟಿಕ್’ ಕೊನೆಗೂ ಹೋಯ್ತು

ನಾನು ನರ್ಸ್. ರೋಗಿಗಳಿಗೆ ಸಂಗೀತ ಕೇಳಿಸಲು ನಾನೇ ಜೋಡಿಸಿದ ದಿಂಬಿನ ಸ್ಪೀಕರಿನಲ್ಲಿ ಮೂರು ವಾರ ಕಾಡಿದ ‘ಟಿಕ್’ ಸದ್ದು ಮೊನ್ನೆ ರಾತ್ರಿ ನಿಂತಿತು. ಒಳಗಿರುವುದು ಮೆಮೊರಿ ಕಾರ್ಡಿನ ಫೈಲ್ ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಎಂಬ ಪುಟ್ಟ ಮಾಡ್ಯೂಲ್, ಚಾರ್ಜ್ ಮಾಡಬಹುದಾದ 18650 ಬ್ಯಾಟರಿ; ಮೇಲೆ ಸ್ಪಿರಿಟ್ ಹಾಕಿ ಒರೆಸಬಹುದಾದ ರೆಕ್ಸಿನ್ ಕವರ್. ಜೋಡಿಸುವ ವಿವರ ಇಲ್ಲಿ ಬೇಡ, ಬಿಡಿ.

ನಮ್ಮ ಸರ್ಜಿಕಲ್ ವಾರ್ಡಿನಲ್ಲಿ ಡ್ರೆಸ್ಸಿಂಗ್ ಬದಲಿಸುವಾಗ ತಂಬೂರಿ ಶ್ರುತಿ ಹಾಕುತ್ತೇನೆ. ನೋವಿನ ಔಷಧಿ ಮೊದಲೇ ಕೊಟ್ಟಿರುತ್ತೇವೆ. ಸಂಗೀತ ಅದರ ಜೊತೆಗೆ, ಅದರ ಬದಲಿಗಲ್ಲ. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಆಪರೇಷನ್ ಆದವರಿಗೆ ಸಂಗೀತ ಕೇಳಿಸಿದರೆ ನೋವು, ಆತಂಕ ಎರಡೂ ಕಡಿಮೆ. ತಂಬೂರಿಯೇ ಯಾಕೆ ಅಂದರೆ, ಎಡೆಬಿಡದೆ ಹರಿಯುವ ನಾದ ರೋಗಿಗೆ ಹಿತ ಎಂದು ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು.

ನನ್ನ ನಾದವೋ ನಾಲ್ಕು ನಿಮಿಷಕ್ಕೊಮ್ಮೆ ಕಡಿದು ಹೋಗುತ್ತಿತ್ತು. ಫೈಲ್ ಮುಗಿದು ಮತ್ತೆ ಶುರುವಾಗುವಾಗ ಕ್ಷಣ ಮೌನ, ಆಮೇಲೆ ‘ಟಿಕ್’. ಹೊಟ್ಟೆಯ ಆಪರೇಷನ್ ಆದ ಅಜ್ಜಿಯೊಬ್ಬರಿಗೆ ಸಲೈನ್ ಹಾಕಿ ನೆನೆಸಿದ ಗಾಜ್ ಬಟ್ಟೆ ಬಿಡಿಸುತ್ತಿದ್ದೆ. ಸರಿಯಾಗಿ ಆಗಲೇ ‘ಟಿಕ್’. ಅಜ್ಜಿ ಬೆಚ್ಚಿ ಹೊಟ್ಟೆ ಬಿಗಿ ಹಿಡಿದರು. ಹೊಲಿಗೆ ಎಳೆಯಿತು. ಕಣ್ಣಲ್ಲಿ ನೀರು. ಆವತ್ತೇ ಸ್ಪೀಕರ್ ಮನೆಗೆ ತಂದೆ.

ಮಾಡ್ಯೂಲಿಗೆ ಆದೇಶ ತಲುಪಿಸುವ ಆರ್‌ಎಕ್ಸ್ ತಂತಿಗೆ 1ಕೆ (ಸಾವಿರ ಓಮ್) ರೆಸಿಸ್ಟರ್ ಹಾಕಿದೆ. ಹಿನ್ನೆಲೆಯ ಗುಂಯ್ ಸದ್ದು ಹೋಯಿತು, ‘ಟಿಕ್’ ಉಳಿಯಿತು. ಸ್ಪೀಕರೇ ಕೆಟ್ಟಿರಬಹುದು ಅಂತ 8 ಓಮ್‌ನದ್ದು ತರಿಸಿದರೆ ಅಂಗಡಿಯವರು 4 ಓಮ್ ಕಳಿಸಿದರು. ಬದಲಿಸಿಕೊಡಲು ಹತ್ತು ದಿನ! ವಾರ್ಡಿನಲ್ಲಿ ಜನ ನೋವು ತಿನ್ನುತ್ತಿರುವಾಗ ಹತ್ತು ದಿನ ಸಣ್ಣದಲ್ಲ. ಎಂಪಿ3 ಮಾಡುವಾಗ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರುತ್ತದಲ್ವಾ, ಅದಕ್ಕೇ ಕುಗ್ಗಿಸದ ವೇವ್ (WAV) ಫೈಲ್ ಹಾಕಿ ನೋಡಿದೆ. ಮೌನ ಕಡಿಮೆಯಾಯಿತು, ಆದರೂ ‘ಟಿಕ್’. ಫೈಲ್ ಮುಚ್ಚಿ ತೆರೆಯುವಾಗ ಮಾಡ್ಯೂಲೇ ಆ ಸದ್ದು ಮಾಡುತ್ತಿತ್ತು.

ಆಮೇಲೆ ಹೊಳೆಯಿತು. ನಮ್ಮ ಡ್ರೆಸ್ಸಿಂಗ್ 20 ನಿಮಿಷ ದಾಟುವುದೇ ಅಪರೂಪ. ಹಾಗಿದ್ದ ಮೇಲೆ ಫೈಲ್ ಮುಗಿಯಲು ಯಾಕೆ ಬಿಡಬೇಕು? ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತುಣುಕುಗಳ ಅಂಚನ್ನು ಒಂದರ ಮೇಲೊಂದು ಬೆಸೆದು ಒಂದು ಗಂಟೆಯ ಒಂದೇ ಫೈಲ್ ಮಾಡಿದೆ. ಶುರುವಿನ ಐದು ಸೆಕೆಂಡು ದನಿ ಮೆಲ್ಲಗೆ ಏರುತ್ತದೆ.

ನಿನ್ನೆ ಅದೇ ಅಜ್ಜಿಗೆ ಹಾಕಿದೆ. ಗಾಜ್ ಪೂರ್ತಿ ಬಿಡಿಸುವವರೆಗೂ ಹೊಟ್ಟೆ ಸಡಿಲವಾಗೇ ಇತ್ತು. ಕೊನೆಗೆ ಕೇಳಿದರು: “ಶ್ರುತಿ ಚೆನ್ನಾಗಿದೆ ಸಿಸ್ಟರ್. ಹಾಡು ಯಾವಾಗ ಶುರು ಮಾಡ್ತೀರಾ?”

ಅದಕ್ಕೇ ಮುಂದಿನದು ಹತ್ತಿರ ಹಿಡಿದ ಕಾರ್ಡನ್ನು ಗುರುತಿಸುವ ಆರ್‌ಸಿ522 ಕಾರ್ಡ್ ರೀಡರ್. ದಾಸರ ಪದಕ್ಕೊಂದು ಕಾರ್ಡ್, ಸೋಬಾನೆಗೊಂದು, ವಚನಕ್ಕೊಂದು. ಯಾವುದು ಬೇಕೋ ರೋಗಿಯೇ ಆರಿಸಿ ಇಡಲಿ. ರೀಡರ್‌ಗೆ 3.3 ವೋಲ್ಟ್ ಬೇಕು. ಈ ಸಲ ಬೇರೆ ಅಂಗಡಿಯಿಂದ ತರಿಸುತ್ತಿದ್ದೇನೆ.