ನಮ್ಮ ಕಡಲಿನ ಮೀನು ತಿನ್ನಬಹುದಾ?

ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು ಅಂತ ಗೊತ್ತಾದ ಕೂಡಲೇ ಜನ ನನ್ನಲ್ಲಿ ಕೇಳುವುದು ಇದನ್ನೇ: ಸಮುದ್ರ ಇಷ್ಟು ಕೆಟ್ಟಿದೆಯಲ್ಲ, ಅದರ ಮೀನು ತಿನ್ನಬಹುದಾ? ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ, ಬಸ್ಸಿನಲ್ಲೂ ಕೇಳಿದ್ದಾರೆ. 2025ರ ಜೂನಿನಲ್ಲಂತೂ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಮೇ 25ಕ್ಕೆ ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತ್ತು. ಜೂನ್ 9ಕ್ಕೆ ವಾನ್ ಹೈ 503 ಹೊತ್ತಿ ಉರಿಯಿತು, ಅದರ 18 ಸಿಬ್ಬಂದಿಯನ್ನು ಕರೆತಂದದ್ದು ಮಂಗಳೂರಿಗೇ. ಆ ವಾರವೇ ಬೆಂಗಳೂರಿನಿಂದ ಚಿಕ್ಕಮ್ಮನ ಮಗಳ ಫೋನು. "ಅಕ್ಕ, ನಂಗೆ ಈಗ ನಾಲ್ಕು ತಿಂಗಳು. ಮೀನು ಬಿಟ್ಟೇ ಬಿಡ್ಲಾ?"

ಬಿಡಬೇಡ ಅಂದೆ. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಬೂತಾಯಿ, ಬಂಗುಡೆಯಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ಆದರೆ ಯಾವ ಮೀನು, ಎಷ್ಟು ದೊಡ್ಡದು, ಐಸಿನಲ್ಲಿತ್ತಾ ಅಂತ ನೋಡಿ ತಿನ್ನು ಎಂದೆ.

ಹಡಗಿನ ಹೆದರಿಕೆಯನ್ನು ಮೊದಲು ಮುಗಿಸುತ್ತೇನೆ. ಎಲ್ಸಾದ 640 ಕಂಟೇನರ್‌ಗಳ ಪೈಕಿ 12ರಲ್ಲಿ ಇದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್. ಅದು ನೀರು ತಾಗಿದರೆ ಅಸಿಟಿಲೀನ್ ಅನಿಲವಾಗಿ ಹೋಗುತ್ತದೆ, ಮೀನಿನ ಮೈಯಲ್ಲಿ ಕೂಡಿಕೊಳ್ಳುವ ವಿಷವಲ್ಲ. ಹಡಗಿನ ಎಣ್ಣೆಯನ್ನೂ ಮೀನಿನ ದೇಹ ಸ್ವಲ್ಪ ಕಾಲದಲ್ಲಿ ಕರಗಿಸಿ ಹೊರಹಾಕುತ್ತದೆ. ಸಾಲದ್ದಕ್ಕೆ ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದೇ ಇಲ್ಲ, ನಾಡದೋಣಿಗಳು ಮಾತ್ರ.

ನಾನು ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪಾದರಸವನ್ನು. ಕಲ್ಲಿದ್ದಲು ಉರಿಸಿದಾಗ ಗಾಳಿಗೆ ಏರುವ ಪಾದರಸ ಕಡಲಿಗೆ ಬೀಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಮೈಯಲ್ಲಿ ಕೂಡಿಕೊಳ್ಳುವ ಮೀಥೈಲ್ ಪಾದರಸ ಮಾಡುತ್ತವೆ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತಾ ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ನರಗಳ ಕಾಯಿಲೆಗೆ ಇದೇ ಕಾರಣ. ಅಲ್ಲಿ ಕಾರ್ಖಾನೆಯೊಂದು ನೇರವಾಗಿ ಕೊಲ್ಲಿಗೇ ವಿಷ ಬಿಟ್ಟಿತ್ತು, ತಾಯಂದಿರು ಚೆನ್ನಾಗಿದ್ದರೂ ಹುಟ್ಟಿದ ಮಕ್ಕಳಿಗೆ ಪೆಟ್ಟಾಯಿತು. ಈ ಪಾದರಸ ಮೀನಿನ ಮಾಂಸಕ್ಕೇ ಅಂಟಿರುತ್ತದೆ. ಚರ್ಮ ಸುಲಿದರೂ ಹೋಗದು, ಹುಳಿ ಹಾಕಿ ಕುದಿಸಿದರೂ ಹೋಗದು.

ತಂಗಿಗೆ ಫೋನಿನಲ್ಲೇ ಲೆಕ್ಕ ಹಾಕಿ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2003ರಲ್ಲಿ ಹೇಳಿದ ಮಿತಿ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ. ಅವಳು 60 ಕಿಲೋ ಇದ್ದಾಳೆ, ಅಂದರೆ ವಾರಕ್ಕೆ 96. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯ (ಎಫ್‌ಡಿಎ) ಪಾದರಸದ ಪಟ್ಟಿಯಲ್ಲಿ ಸಾರ್ಡೀನ್, ಅಂದರೆ ಬೂತಾಯಿ ಜಾತಿಯ ಮೀನಿನ ಕಿಲೋ ಮಾಂಸದಲ್ಲಿ ಸರಾಸರಿ 13 ಮೈಕ್ರೋಗ್ರಾಂ. ಆ ಮಿತಿ ಮುಟ್ಟಬೇಕಾದರೆ ವಾರಕ್ಕೆ ಏಳು ಕಿಲೋ ಮೇಲೆ ತಿನ್ನಬೇಕು! ಅದೇ ಪಟ್ಟಿಯ ಕಿಂಗ್ ಮ್ಯಾಕರೆಲ್‌ನಲ್ಲಿ 730. ಅದಾದರೆ 130 ಗ್ರಾಮಿಗೇ ಮಿತಿ ಮುಗಿಯಿತು, ಎರಡು ತುಂಡೂ ಆಗುವುದಿಲ್ಲ. ನಮ್ಮ ಅಂಜಲ್ ಆ ಮೀನೇ ಅಲ್ಲ, ಅದರ ದಾಯಾದಿ. ಒಂದೆರಡು ಕಿಲೋದ ಎಳೆ ಅಂಜಲ್ ಯಾವಾಗಲಾದರೂ ತಿಂದರೆ ನಾನು ಹೆದರುವುದಿಲ್ಲ. ಎಂಟು ಹತ್ತು ಕಿಲೋ ತೂಗುವ ಅಂಜಲ್‌ನ ತುಂಡು ಬಸುರಿಗೆ, ಪುಟ್ಟ ಮಕ್ಕಳಿಗೆ ಬೇಡ.

ಇಲ್ಲೇ ನನಗೂ ಅಮ್ಮನಿಗೂ ಜಟಾಪಟಿ. ನಮ್ಮ ಮನೆಯಲ್ಲಿ ಬಾಣಂತಿಗೆ ತಾಟೆ ಮೀನಿನ ಸಾರು ಮಾಡುವುದು ಅಜ್ಜಿಯ ಕಾಲದಿಂದ ಬಂದದ್ದು. ತಾಟೆ ಅಂದರೆ ಶಾರ್ಕ್. ಕರಿಮೆಣಸು, ಬೆಳ್ಳುಳ್ಳಿ ಅರೆದು ಹಾಕಿದ ಆ ಸಾರಿನ ಪರಿಮಳ ಈಗಲೂ ನನ್ನ ಮೂಗಲ್ಲಿದೆ. ನನ್ನ ಬಾಣಂತನದಲ್ಲಿ ಅಮ್ಮ ಪ್ರೀತಿಯಿಂದ ತಟ್ಟೆಗೆ ಬಡಿಸಿದ್ದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಶಾರ್ಕ್ ಬಹಳ ವರ್ಷ ಬದುಕುವ, ಬೇರೆ ಮೀನು ತಿಂದೇ ಬೆಳೆಯುವ ಜೀವಿ. ಮರಿಯಲ್ಲಿ ಕಡಿಮೆ ಇರುತ್ತದೆ ನಿಜ, ಮಾರುಕಟ್ಟೆಯಲ್ಲಿ ತುಂಡು ಮಾಡಿಟ್ಟದ್ದು ಮರಿಯದ್ದೋ ದೊಡ್ಡದರದ್ದೋ ಅಂತ ಯಾರು ಹೇಳುತ್ತಾರೆ? ಅದೇ ಮಸಾಲೆಗೆ ಕಾಣೆ ಮೀನು ಹಾಕು ಅಂತ ಅಮ್ಮನಿಗೆ ಈಗ ಹೇಳಿದ್ದೇನೆ.

ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳ ವಿಷಯ ಬೇರೆ. ಅವು ಕೂತಲ್ಲೇ ನೀರು ಸೋಸಿ ಬದುಕುವಂಥವು, ಊರಿನ ಚರಂಡಿ ಸೇರುವ ಅಳಿವೆಯಲ್ಲಿದ್ದರೆ ಅದನ್ನೇ ಸೋಸುತ್ತವೆ. ಕುದಿಸಿದರೆ ರೋಗಾಣು ಸಾಯಬಹುದು, ಲೋಹ ಉಳಿಯುತ್ತದೆ. ಎಲ್ಲಿ ಹೆಕ್ಕಿದ್ದು ಅಂತ ಕೇಳದೆ ನಾನು ತೆಗೆದುಕೊಳ್ಳುವುದಿಲ್ಲ. ಕಡಲು ಬಣ್ಣ ತಿರುಗಿದ ದಿನಗಳಲ್ಲಿ ಮುಟ್ಟುವುದೂ ಇಲ್ಲ, ಆಗಿನ ಪಾಚಿಯ ವಿಷ ಬೇಯಿಸಿದರೂ ಸಾಯದು.

ಪ್ಲಾಸ್ಟಿಕ್ಕಿನ ಚೂರುಗಳು ಹೆಚ್ಚಾಗಿ ಸೇರುವುದು ಕರುಳು, ಕಿವಿರಿನಲ್ಲಿ. ಅವನ್ನು ನಾವು ಹೇಗೂ ತೆಗೆದೇ ತೊಳೆಯುತ್ತೇವೆ. ಮೀನು ಕೊಳೆಯದಂತೆ ಫಾರ್ಮಲಿನ್ ರಾಸಾಯನಿಕ ಹಾಕುತ್ತಾರೆಂಬ ಗುಲ್ಲು 2018ರಲ್ಲಿ ಕೇರಳದಿಂದ ಎದ್ದಿತು. ಅದನ್ನು ಪತ್ತೆ ಹಚ್ಚುವ ಕಾಗದದ ಪಟ್ಟಿಯ ಕಿಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೇ ಮಾಡಿಕೊಟ್ಟಿದೆ.

ಜನ ಕೇಳದೇ ಇರುವುದು ಐಸಿನ ಬಗ್ಗೆ. ಒಂದು ಸಂಜೆ ದೊಡ್ಡಮ್ಮನ ಮನೆಯಲ್ಲಿ ಬಂಗುಡೆ ಪುಳಿಮುಂಚಿ. ಉಂಡು ಅರ್ಧ ಗಂಟೆಯೊಳಗೆ ಮೂವರ ಮುಖ ಕೆಂಪೇರಿತು, ತಲೆ ಸಿಡಿಯತೊಡಗಿತು, ಕುತ್ತಿಗೆಯಲ್ಲಿ ತುರಿಕೆ. ಎಲ್ಲರೂ ಅಲರ್ಜಿ ಅಂದರು. ಅಲ್ಲ, ಆ ಬಂಗುಡೆ ಮಧ್ಯಾಹ್ನವೆಲ್ಲ ಐಸಿಲ್ಲದೆ ಬುಟ್ಟಿಯಲ್ಲಿತ್ತು. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮೀನುಗಳು ಬೆಚ್ಚಗಾದರೆ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ, ಅಲರ್ಜಿಯಂಥದ್ದೇ ಲಕ್ಷಣ ತರುವ ರಾಸಾಯನಿಕ ಹುಟ್ಟಿಸುತ್ತವೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಮಾರ್ಕೆಟಿನಲ್ಲಿ ನಾನು ಮೊದಲು ಕೈಯಿಡುವುದು ಮೀನಿನ ಹೊಟ್ಟೆಗೆ. ತಣ್ಣಗೆ ಕೊರೆಯುತ್ತಿರಬೇಕು, ಒತ್ತಿದ ಬೆರಳಿನ ಗುಳಿ ಮೇಲೇಳಬೇಕು. ನನಗೆ ಯಾವಾಗಲೂ ಮೀನು ಕೊಡುವ ಅಕ್ಕ ನಾನು ಕೇಳುವ ಮೊದಲೇ ಕಿವಿರು ಎತ್ತಿ ತೋರಿಸುತ್ತಾರೆ, ದಾಸವಾಳದ ಕೆಂಪು.

ತಂಗಿ ಈಗ ವಾರಕ್ಕೆ ಎರಡು ಸಲ ತಿನ್ನುತ್ತಿದ್ದಾಳೆ. ಮೊನ್ನೆ ತವೆಯ ಮೇಲಿನ ಬೊಳಂಜೀರ್ ಎಂಬ ಸಣ್ಣ ಮೀನಿನ ಫೋಟೋ ಕಳಿಸಿ, "ಅಕ್ಕ, ಇದರ ಮುಳ್ಳೂ ತಿನ್ಬಹುದಲ್ವಾ?" ಅಂತ ಕೇಳಿದಳು. ತಲೆ, ಕರುಳು ತೆಗೆದಿದ್ದರೆ ಮುಳ್ಳಿನ ಸಮೇತ ಜಗಿದು ತಿನ್ನು, ಸುಣ್ಣದ ಅಂಶ ಇರುವುದು ಅದರಲ್ಲೇ ಎಂದು ಬರೆದೆ.