ಒಂಬತ್ತು ಗಂಟೆ ಮೇಲೆ ಕರ್ಕೊಂಡು ಹೋಗಬಾರದಾ ಮೇಡಂ?

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. "ಮೇಡಂ, ಅಲ್ಲಿ ತುಂಬಾ ಚಳಿ ಅಂತಲ್ಲ. ಬೆಳಗ್ಗೆ ಆರೂವರೆಗೇ ಮಕ್ಕಳನ್ನ ಹೊರಗೆ ಹೊರಡಿಸ್ತೀರಂತೆ. ಸ್ವಲ್ಪ ಬಿಸಿಲು ಬಂದಮೇಲೆ, ಒಂಬತ್ತು ಗಂಟೆ ಮೇಲೆ ಕರ್ಕೊಂಡು ಹೋಗಬಾರದಾ?" ಕೇಳುವವರು ಬೆಂಗಳೂರು, ದಾವಣಗೆರೆ, ಶಿವಮೊಗ್ಗದ ಅಪ್ಪ ಅಮ್ಮಂದಿರು. ಒಮ್ಮೊಮ್ಮೆ ಅಜ್ಜಿಯರೂ ಮಾಡುತ್ತಾರೆ. ಅವರದ್ದು ಪ್ರಶ್ನೆ ಅಲ್ಲ, ಬೈಗುಳ.

ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆ, ಅದರ ಅಂಗಳ, ಕೆಳಗಿನ ಗದ್ದೆ ಬಯಲು, ಆಚೆ ಹಳ್ಳ, ಹಳ್ಳದಾಚೆ ಕಾಡು. ಇಷ್ಟೇ ನನ್ನ ತರಗತಿ. ಶಾಲೆಗಳು ಮಕ್ಕಳನ್ನು ಮೂರು ದಿನದ ಪ್ರಕೃತಿ ಶಿಬಿರಕ್ಕೆಂದು ಕಳಿಸುತ್ತವೆ. ಶಿಬಿರ ಇಲ್ಲದ ವಾರಗಳಲ್ಲಿ ಊರಿನ ಸರ್ಕಾರಿ ಶಾಲೆಯ ಮಕ್ಕಳ ಜೊತೆ ತಿರುಗುತ್ತೇನೆ. ಮಳೆಗಾಲದಲ್ಲಿ ಇಲ್ಲಿಗೆ ಯಾರೂ ಬರುವುದಿಲ್ಲ, ಮಾರ್ಚ್ ಬಂದರೆ ಪರೀಕ್ಷೆ. ಹಾಗಾಗಿ ಊರಿಗೆ ಊರೇ ಕಂಬಳಿ ಹೊದ್ದು ಕೂರುವ ಈ ಮೂರು ತಿಂಗಳೇ ನನಗೆ ಸುಗ್ಗಿ.

ಫೋನಿನಲ್ಲಿ ನಾನು ಕೊಡುವ ಉತ್ತರ ಚಿಕ್ಕದು: ಒಂಬತ್ತಕ್ಕೆ ಹೋದರೆ ನೋಡೋಕೆ ಏನೂ ಉಳಿದಿರಲ್ಲ. ಹಾಗಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಚಳಿಯ ಲೆಕ್ಕ. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಜಗಲಿಯ ಥರ್ಮಾಮೀಟರ್ ಸಾಮಾನ್ಯವಾಗಿ 12, 13, 14 ಅನ್ನುತ್ತದೆ. ಹತ್ತರ ಹತ್ತಿರ ಇಳಿದ ದಿನ ಹಾಲು ಹಾಕಲು ಡೇರಿಗೆ ಹೋದವರೆಲ್ಲ ಅದನ್ನೇ ಮಾತಾಡುತ್ತಾರೆ. ಬೆಂಗಳೂರಿನ ದಾಖಲೆ ಇದಕ್ಕಿಂತ ಗಟ್ಟಿ: 1884ರ ಜನವರಿ 13ರಂದು 7.8 ಡಿಗ್ರಿ. ಅಷ್ಟು ಕೆಳಗೆ ನಮ್ಮ ಥರ್ಮಾಮೀಟರ್ ಇಳಿದದ್ದನ್ನು ನಾನಂತೂ ನೋಡಿಲ್ಲ. ಬೆಂಗಳೂರಿನ ಅಜ್ಜಿಯರಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ನಾನು ಐದಕ್ಕೆ ಎದ್ದು ಮೊದಲು ಬಚ್ಚಲ ಒಲೆಗೆ ಉರಿ ಹಾಕುತ್ತೇನೆ. ಹಂಡೆ ಕಾಯಲು ಮುಕ್ಕಾಲು ಗಂಟೆಯಾದರೂ ಬೇಕು. ತೆಂಗಿನ ಸಿಪ್ಪೆ, ಒಣಗಿದ ಅಡಿಕೆ ಸೋಗೆ, ಆಮೇಲೆ ಒಂದು ದಪ್ಪ ಕುಂಟೆ. ಹಿಂದಿನ ದಿನ ಒದ್ದೆಯಾದ ಶೂಗಳು ಒಲೆಯಿಂದ ಎರಡು ಮಾರು ದೂರದಲ್ಲಿ ಸಾಲಾಗಿ ಕೂತಿರುತ್ತವೆ. ಈ ಎರಡು ಮಾರಿಗೆ ಒಂದು ಕತೆ ಇದೆ. ಮೊದಲನೇ ವರ್ಷ ಬೇಗ ಒಣಗಲಿ ಅಂತ ಒಲೆಗೆ ಒತ್ತಿಯೇ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಒಂದು ಜೊತೆಯ ತಳ ಕರಗಿ ಕಲ್ಲಿಗೆ ಅಂಟಿಕೊಂಡಿತ್ತು. ಆ ಹುಡುಗ ನನ್ನ ಹವಾಯಿ ಚಪ್ಪಲಿ ಹಾಕಿಕೊಂಡು ಊರಿಗೆ ಬಸ್ ಹತ್ತಿದ. ಹೊಸ ಶೂ ದುಡ್ಡು ನಾನೇ ಕಟ್ಟಿದೆ.

ಆರೂಕಾಲಿಗೆ ಮಕ್ಕಳಿಗೆ ಬಿಸಿ ಬಿಸಿ ಕಷಾಯ. ಆರೂವರೆಗೆ ಅಂಗಳ ಇಳಿಯುತ್ತೇವೆ.

ಅಂಗಳದಾಚೆ ಹುಲ್ಲಿನ ಜಾಗ ಇದೆ, ಸಂಜೆ ಮಕ್ಕಳು ಷಟಲ್ ಆಡುವಷ್ಟು ದೊಡ್ಡದು. ಬೆಳಗ್ಗೆ ನೋಡಿದರೆ ಅದರ ತುಂಬ ಯಾರೋ ಬಿಳಿ ಕರವಸ್ತ್ರ ಒಣಹಾಕಿದ ಹಾಗೆ ಜೇಡರ ಬಲೆಗಳು. ಒಂದೊಂದರ ಮೂಲೆಯಲ್ಲೂ ಒಂದು ಕೊಳವೆ, ಕೊಳವೆಯ ಬಾಯಲ್ಲಿ ಜೇಡ. ಮಕ್ಕಳ ಮೊದಲ ಮಾತು ಯಾವಾಗಲೂ ಒಂದೇ: "ಅಕ್ಕಾ, ನಿನ್ನೆ ಇದು ಇರ್ಲಿಲ್ಲ!" ಇತ್ತು. ನಿನ್ನೆ ಸಂಜೆ ಅದರ ಮೇಲೇ ಕುಣಿದಿದ್ದಾರೆ. ಹೋದ ವರ್ಷ ಆರನೇ ಕ್ಲಾಸಿನ ಒಬ್ಬಳು ಇದನ್ನು ನಂಬದೆ, ಬಲೆ ಕಂಡಲ್ಲೆಲ್ಲ ಪಕ್ಕದಲ್ಲಿ ಹಂಚಿಕಡ್ಡಿ ನೆಟ್ಟಳು. ಒಂದು ಮೂಲೆಯಲ್ಲೇ ಮೂವತ್ತೇಳು ಕಡ್ಡಿ. ಹತ್ತು ಗಂಟೆಗೆ ತಿಂಡಿ ಮುಗಿಸಿ ಬಂದರೆ ಇಬ್ಬನಿ ಆರಿ ಹೋಗಿ, ಬರೀ ಹುಲ್ಲು, ಬರೀ ಕಡ್ಡಿ. ಒಂದು ಕಡ್ಡಿಯ ಪಕ್ಕ ಬೋರಲು ಮಲಗಿ, ಬಿಸಿಲಿಗೆ ಓರೆಯಾಗಿ ತುಂಬ ಹೊತ್ತು ನೋಡಿದ ಮೇಲೆ ಅವಳಿಗೆ ಒಂದೇ ಒಂದು ಎಳೆ ಕಂಡಿತು. ಆಮೇಲೆ ಸಂಜೆಯ ಷಟಲ್ ಆಟವನ್ನು ಅವಳೇ ಸಿಮೆಂಟ್ ಅಂಗಳಕ್ಕೆ ಎತ್ತಿ ಹಾಕಿಸಿದಳು. ನಾನು ಬಾಯಿ ಬಿಟ್ಟಿರಲಿಲ್ಲ.

ಇನ್ನು ಏರೋಪ್ಲೇನ್ ಚಿಟ್ಟೆ. ಬಿಸಿಲಲ್ಲಿ ಅದರ ಹಿಂದೆ ಓಡಿದ ಎಲ್ಲರಿಗೂ ಗೊತ್ತು, ಗೇಣು ದೂರಕ್ಕೆ ಹೋಗುವಷ್ಟರಲ್ಲಿ ಹಾರಿರುತ್ತದೆ. ಚಳಿಯ ಬೆಳಗ್ಗೆ ಅದೇ ಚಿಟ್ಟೆ ಗದ್ದೆ ಬದುವಿನ ಕಡ್ಡಿಗೆ ನೇತುಬಿದ್ದು, ಮೈಯೆಲ್ಲ ಹನಿ ಹೊತ್ತು, ಅಲ್ಲಾಡದೆ ಇರುತ್ತದೆ. ನಮ್ಮ ಹಾಗೆ ಒಳಗಿನಿಂದ ಮೈ ಬೆಚ್ಚಗೆ ಇಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಮೈ ಕಾಯದೆ ರೆಕ್ಕೆಯ ಸ್ನಾಯು ಕೆಲಸ ಮಾಡುವುದಿಲ್ಲ. ಮಗು ಮೂಗು ತಾಗುವಷ್ಟು ಹತ್ತಿರ ಮುಖ ಇಟ್ಟು ಆ ದೊಡ್ಡ ಕಣ್ಣು, ರೆಕ್ಕೆ ಬುಡದ ಗೆರೆ, ಕಾಲಿನ ಮುಳ್ಳು ಎಲ್ಲವನ್ನೂ ನೋಡಬಹುದು. ಆಗ ನನ್ನದು ಒಂದೇ ನಿಯಮ: ಕೈ ಬೆನ್ನ ಹಿಂದೆ. ಓಡಿ ಹೋಗಲು ಆಗದವರನ್ನು ಮುಟ್ಟುವುದು ಮೋಸ. ಎಂಟೂವರೆ ಸುಮಾರಿಗೆ ಬಿಸಿಲು ಬದುವಿಗೆ ಇಳಿದಾಗ ದೊಡ್ಡ ಜಾತಿಯವು ಹಾರದೆಯೇ ರೆಕ್ಕೆಯನ್ನು ನಡುಗಿಸಲು ಶುರು ಮಾಡುತ್ತವೆ, ಚಳಿಗೆ ನಾವು ನಡುಗುವ ಹಾಗೇ. ಅದು ಎಂಜಿನ್ ಬಿಸಿ ಮಾಡಿಕೊಳ್ಳುವುದು. ಸ್ವೆಟರ್ ಒಳಗೆ ತಾನೂ ನಡುಗುತ್ತಾ ನಿಂತ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಒಂದೆರಡು ನಿಮಿಷ. ಹಾರಿಹೋಯಿತು. ಒಂಬತ್ತಕ್ಕೆ ಬಂದಿದ್ದರೆ ಆ ಹುಡುಗನಿಗೆ ಸಿಗುತ್ತಿದ್ದದ್ದು ಖಾಲಿ ಕಡ್ಡಿ.

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ಮಾತ್ರ ಊಟದ ತಟ್ಟೆಯದ್ದು. ರಾತ್ರಿ ಊಟ ಆದಮೇಲೆ ತೊಳೆದು ಒರೆಸಿದ ಎರಡು ಸ್ಟೀಲ್ ತಟ್ಟೆ ತೆಗೆದುಕೊಂಡು ಒಂದನ್ನು ಬಯಲಲ್ಲಿ, ಒಂದನ್ನು ಹಲಸಿನ ಮರದ ಕೆಳಗೆ ಇಡುತ್ತೇವೆ. ಆಕಾಶ ತಿಳಿಯಾಗಿರಬೇಕು, ಮೋಡ ಇದ್ದ ರಾತ್ರಿ ಈ ಆಟ ನಡೆಯುವುದಿಲ್ಲ. ಬೆಳಗ್ಗೆ ಬಯಲಿನ ತಟ್ಟೆ ತೊಪ್ಪೆ, ಮರದ ಕೆಳಗಿನದು ಒಣ. ಯಾಕೆ?

ಒಬ್ಬ ಹುಡುಗ ತಕ್ಷಣ ಹೇಳಿದ: "ಇಬ್ಬನಿ ಮೇಲಿಂದ ಬೀಳುತ್ತೆ ಅಕ್ಕ. ಮರ ಕೊಡೆ ಹಿಡಿದಿದೆ." ಒಪ್ಪಲೇಬೇಕಾದ ವಾದ. ನಮ್ಮ ಭಾಷೆಯೂ ಅವನ ಪರವೇ. ಇಬ್ಬನಿ ಬಿತ್ತು ಅಂತಲೇ ಅಲ್ಲವೇ ನಾವು ಹೇಳುವುದು? ಬಯಲಿನ ನೆಲ, ತಟ್ಟೆ, ಹುಲ್ಲು ಎಲ್ಲ ರಾತ್ರಿಯಿಡೀ ತಮ್ಮ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತವೆ, ಗಾಳಿಯಲ್ಲಿದ್ದ ಆವಿ ಆ ತಣ್ಣನೆ ಮೈ ಮೇಲೆ ನೀರಾಗುತ್ತದೆ, ಮರದಡಿಯ ತಟ್ಟೆಗೆ ಮರವೇ ಕಂಬಳಿ ಅಂತ ನಾನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಹಂಗಾದ್ರೆ ಬೀಳುತ್ತೆ ಅಂತ ತೋರಿಸು" ಅಂದೆ.

ಅವತ್ತು ರಾತ್ರಿ ಮಕ್ಕಳು ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಬಯಲಿನ ಹುಲ್ಲಿನ ಮೇಲೆ ತಟ್ಟೆಯನ್ನು ಬೋರಲು ಹಾಕಿ ಬಂದರು. ಮೇಲಿಂದ ಬಿದ್ದರೆ ಬೆನ್ನು ಒದ್ದೆ, ಹೊಟ್ಟೆ ಒಣ. ಮರುದಿನ ಯಾರನ್ನೂ ಎಬ್ಬಿಸಬೇಕಾಗಲಿಲ್ಲ. ತಿರುಗಿಸಿದರೆ ತಟ್ಟೆಯ ಒಳಗೂ ಹನಿ ಸಾಲು! ನೆಲದ ಪಸೆ ಆವಿಯಾಗಿ ಮೇಲೆದ್ದು ತಣ್ಣನೆ ಸ್ಟೀಲಿಗೆ ಅಂಟಿತ್ತು. ಕೊಡೆಯ ಹುಡುಗ ತಟ್ಟೆಯನ್ನು ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಹೇಳಿದ: "ಐಸ್ ನೀರಿನ ಲೋಟದ ಹೊರಗೆ ಬೆವರು ಬರುತ್ತಲ್ಲ, ಅದೇ ಇದು." ಆ ವಾಕ್ಯ ನನ್ನ ಬಾಯಿಂದ ಬಂದಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ಹುಲ್ಲಿನ ಗರಿಯ ತುದಿಯಲ್ಲಿ ಒಂದೊಂದೇ ದುಂಡನೆ ಹನಿ ಕೂತಿರುತ್ತದಲ್ಲ, ಅದು ಇಬ್ಬನಿ ಅಲ್ಲ. ಬೇರು ಹೀರಿದ ನೀರನ್ನು ಗಿಡವೇ ಹೊರಗೆ ಬಿಟ್ಟದ್ದು. ಇದನ್ನು ಹೇಳಲು ಹೋದರೆ ತಿಂಡಿ ತಡವಾಗುತ್ತದೆ, ಅಡುಗೆಯ ಅಕ್ಕ ಜಾಗಟೆ ಬಾರಿಸುತ್ತಾರೆ.

ಊರಿನ ಶಾಲೆಯ ಮಕ್ಕಳ ಜೊತೆ ಹೋದರೆ ಪಾಠ ಉಲ್ಟಾ. ಅವರಿಗೆ ಸ್ವೆಟರ್ ಇದ್ದರೂ ಸೊಂಟಕ್ಕೆ ಕಟ್ಟಿರುತ್ತಾರೆ. ಜೇಬಿನ ತುಂಬ ನೆಲ್ಲಿಕಾಯಿ; ತಿಂದು ಹಳ್ಳದ ನೀರು ಕುಡಿದು "ಸೀ!" ಅನ್ನುತ್ತಾರೆ. ಹಳ್ಳದ ಬಂಡೆ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಹಳದಿ ಹೊಟ್ಟೆಯ ಹಕ್ಕಿ ತೋರಿಸಿ ನಾನು "ಬೂದು ಸಿಪಿಲೆ" ಅಂದರೆ ಅವರು ಬಿದ್ದು ಬಿದ್ದು ನಗುತ್ತಾರೆ. ಅವರಿಗೆ ಅದು ಕುಂಡೆಕುಸ್ಕ. ಅದರ ಮುಂದೆ ಸಿಪಿಲೆ ಯಾವ ಹೆಸರು? ಆದರೆ ಮಳೆ ಕಡಿಮೆಯಾಗುವ ಹೊತ್ತಿಗೆ ಬಂದು ಬೇಸಿಗೆಗೆ ಮೊದಲು ಕಾಣೆಯಾಗುವ ಈ ಕುಂಡೆಕುಸ್ಕ ಹಿಮಾಲಯದ ಆಸುಪಾಸಿನಿಂದಲೋ ಅದರಾಚೆಯಿಂದಲೋ ಬರುತ್ತದೆ ಅಂದರೆ, ಇಪ್ಪತ್ತು ಗ್ರಾಂ ಆಸುಪಾಸು ತೂಗುವ ಅದನ್ನು ಮತ್ತೊಮ್ಮೆ ತಿರುಗಿ ನೋಡುತ್ತಾರೆ. ಅದು ಕೂಡ ಚಳಿ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದದ್ದು. ನಮ್ಮ ಚಳಿ ಅದಕ್ಕೆ ಬೆಚ್ಚಗೆ.

ಈಗ ನಿಜವಾದ ಭಯದ ವಿಷಯ. ಅದನ್ನು ಫೋನಿನಲ್ಲಿ ಯಾರೂ ಕೇಳುವುದಿಲ್ಲ. ಮಲೆನಾಡಿನ ಚಳಿಗಾಲದಲ್ಲಿ ನಾನು ಹೆದರುವುದು ಉಣುಗಿಗೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇದೇ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ತರಗೆಲೆಯಲ್ಲಿ ಹೆಚ್ಚಾಗುವುದು ಮಳೆ ನಿಂತ ಮೇಲೆ. ನವೆಂಬರ್‌ನಿಂದ ಮೇ ತನಕ ಕಾಯಿಲೆಯ ಕಾಲ. ಅಂದರೆ ನನ್ನ ಸುಗ್ಗಿಯ ಕಾಲ ಪೂರ್ತಿ ಅದರೊಳಗೇ ಬರುತ್ತದೆ. ಪ್ರತಿ ಶಿಬಿರಕ್ಕೂ ಮೊದಲು ನಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಎಲ್ಲಾದರೂ ಮಂಗ ಸತ್ತ ಸುದ್ದಿ ಇದೆಯಾ ಅಂತ ಕೇಳುತ್ತೇನೆ. ಇದ್ದರೆ ಕಾಡಿಗೆ ಕಾಲಿಡುವುದಿಲ್ಲ, ಮುಗಿಯಿತು. ಇಲ್ಲದಿದ್ದರೂ ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಕೈಕಾಲಿಗೆ ಉಣುಗು ಕಚ್ಚದ ಹಾಗೆ ಎಣ್ಣೆ, ತರಗೆಲೆ ಮೇಲೆ ಕೂರುವ ಹಾಗಿಲ್ಲ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ.

ಒಂದು ವರ್ಷ ಹೀಗೇ ಸುದ್ದಿ ಬಂದು ಮೂರೂ ದಿನ ಅಂಗಳ ಮತ್ತು ಗದ್ದೆಯಲ್ಲೇ ಕಳೆದೆವು. ಪಕ್ಕದ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಮಕ್ಕಳು ಆ ದೊಡ್ಡ ಹಂಡೆಯ ಸುತ್ತ ಮೈ ಕಾಯಿಸಿಕೊಳ್ಳುತ್ತಾ, ಅಡಿಕೆ ಬೆಂದ ಕೆಂಪು ನೀರು, ಚೊಗರನ್ನು ಕೈಗೆ ಬಳಿದುಕೊಂಡು, ಎಷ್ಟು ತೊಳೆದರೂ ಹೋಗದ ಕೆಂಪು ಬೆರಳುಗಳನ್ನು ಊರಿಗೆ ಒಯ್ದರು. ಮಕ್ಕಳಿಗೆ ಖುಷಿಯೋ ಖುಷಿ. ಶಾಲೆಯವರು ಮಾತ್ರ "ಕಾಡು ತೋರಿಸ್ತೀವಿ ಅಂದಿದ್ರಲ್ಲ" ಅಂತ ಅರ್ಧ ದುಡ್ಡು ಹಿಡಿದುಕೊಂಡರು. ಮುಂದಿನ ವರ್ಷ ಮತ್ತೆ ಕೇಳಿದಾಗ ನನ್ನ ತಾರೀಖುಗಳು ಖಾಲಿ ಇರಲಿಲ್ಲ. ನಿಜಕ್ಕೂ ಇರಲಿಲ್ಲವಾ ಅಂತ ಕೇಳಬೇಡಿ.

ಶೀತ? ಅದು ವೈರಸ್ಸಿನಿಂದ ಬರುವಂಥದ್ದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹನ್ನೆರಡು ಮಕ್ಕಳು ಒಟ್ಟಿಗೆ ಮಲಗಿದರೆ ಹರಡುವುದು ಹೆಚ್ಚು, ಬಯಲಲ್ಲಿ ಕಡಿಮೆ. ಅಸ್ತಮಾ ಇರುವ ಮಕ್ಕಳ ಮಾತು ಬೇರೆ. ಅವರಿಗೆ ತಣ್ಣನೆ ಗಾಳಿಯೂ ಹೊಗೆಯೂ ಆಗುವುದಿಲ್ಲ. ಅಂಥವರ ಮನೆಯವರು ಒಂಬತ್ತು ಗಂಟೆ ಅಂದರೆ ನಾನು ಮರುಮಾತಾಡುವುದಿಲ್ಲ. ದಯವಿಟ್ಟು ಮುಚ್ಚಿಡಬೇಡಿ, ಇನ್ಹೇಲರ್ ಚೀಲದ ತಳಕ್ಕೆ ಹಾಕಬೇಡಿ.

ರಾತ್ರಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಊಟ ಮುಗಿಸಿ ಅಂಗಳಕ್ಕೆ ಬಂದರೆ ಪೂರ್ವದಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಸಾಲಾಗಿ ಏರಿ ನಿಂತಿರುತ್ತವೆ. "ಇವು ಮಳೆ ಹೆಸರಲ್ವಾ?" ಅಂತ ಊರಿನ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅನ್ನುವುದನ್ನು ಅಜ್ಜನ ಬಾಯಲ್ಲಿ ಕೇಳಿದವರು. ಮಳೆಗಾಲದ ನಕ್ಷತ್ರಗಳು ಚಳಿಗಾಲದ ರಾತ್ರಿ ಯಾಕೆ ಬಂದವು? ಜೂನ್ ಕೊನೆಯಲ್ಲಿ ಸೂರ್ಯ ಆರಿದ್ರಾ ಇರುವ ದಿಕ್ಕಿಗೇ ಇರುತ್ತಾನೆ. ಅದಕ್ಕೇ ಆಗ ಆರಿದ್ರಾ ಮಳೆ. ನಕ್ಷತ್ರ ಹಗಲಿನ ಬೆಳಕಲ್ಲಿ ಮುಚ್ಚಿಹೋಗಿರುತ್ತದೆ. ಆರು ತಿಂಗಳು ಕಳೆದರೆ ನಾವು ಸೂರ್ಯನ ಇನ್ನೊಂದು ಮಗ್ಗುಲಿಗೆ ಬಂದಿರುತ್ತೇವೆ, ಅದೇ ಆರಿದ್ರಾ ಡಿಸೆಂಬರಿನ ನಡುರಾತ್ರಿ ನೆತ್ತಿಯ ಹತ್ತಿರ ಕೆಂಪಗೆ. ಇದನ್ನು ಮಕ್ಕಳನ್ನೇ ಸೂರ್ಯ, ಭೂಮಿ, ಆರಿದ್ರಾ ಮಾಡಿ ಅಂಗಳದಲ್ಲಿ ಸುತ್ತಿಸಿ ತೋರಿಸುತ್ತೇನೆ. ಸುತ್ತಿದರೆ ಚಳಿಯೂ ಬಿಡುತ್ತದೆ.

ಒಂಬತ್ತಕ್ಕೆ ಮಲಗುವುದು. ಇಲ್ಲಿ ಒಂಬತ್ತು ಗಂಟೆ ಆಗುವುದು ಇದಕ್ಕೆ.

ಮುಂದಿನ ವಾರ ಬರುವವರ ಮನೆಯವರಿಗೆ: ಒಂದು ದಪ್ಪ ಜಾಕೆಟ್ಟಿಗಿಂತ ತೆಳ್ಳನೆಯ ಮೂರು ಅಂಗಿ ಒಳ್ಳೆಯದು, ಬಿಸಿಲೇರಿದ ಹಾಗೆ ಒಂದೊಂದೇ ಬಿಚ್ಚಬಹುದು. ಕಿವಿ ಮುಚ್ಚುವ ಟೋಪಿ. ಸಾಕ್ಸ್ ನಾಲ್ಕು ಜೊತೆ, ಉದ್ದನೆಯವು. ಹೊಸ ಶೂ ಬೇಡ. ಸ್ಟೀಲ್ ತಟ್ಟೆ ಎರಡು ಕಳಿಸಿ, ಊಟಕ್ಕೂ ಒಂದು ಬೇಕಲ್ಲ.